ಮುಡಿ, ಕಳಸೆ, ಮಿಲಿಸೆಕೆಂಡು

ನಮ್ಮ ನಂದಿಕೂರಿನ ಕಡೆ ಹಳಬರು ಅಕ್ಕಿಯನ್ನು ಮುಡಿಯ ಲೆಕ್ಕದಲ್ಲಿ ಹೇಳುತ್ತಿದ್ದರು. ಮುಡಿಗೆ ಮೂರು ಕಳಸೆ, ಕಳಸೆಗೆ ಹದಿನಾಲ್ಕು ಸೇರು. ಲೆಕ್ಕದಲ್ಲಿ ತಕರಾರಿಲ್ಲ, ತಕರಾರಿದ್ದದ್ದು ಸೇರಿನಲ್ಲಿ. ಗೇಣಿ ಅಳೆದುಕೊಳ್ಳುವ ಸೇರು ಒಂದು, ಕಡ ಕೊಡುವ ಸೇರು ಇನ್ನೊಂದು ಎಂಬ ದೂರು ಒಕ್ಕಲು ಮನೆಗಳ ನೆನಪಿನಲ್ಲಿ ಇನ್ನೂ ಉಳಿದಿದೆ. ಅಕ್ಕಿ ಅದೇ ಅಕ್ಕಿ, ಅಂಗಳ ಬದಲಾದರೆ ಅಳತೆ ಬದಲಾಗುತ್ತಿತ್ತು. ಮನುಷ್ಯನ ಬುದ್ಧಿ, ನೆನಪು, ಚುರುಕುತನಗಳನ್ನು ಅಳೆಯಹೊರಟವರ ಚರಿತ್ರೆ ಓದುವಾಗಲೆಲ್ಲ ನನಗೆ ಈ ಸೇರೇ ಕಣ್ಣೆದುರು ಬರುತ್ತದೆ.

ಆ ಚರಿತ್ರೆಯ ಇತ್ತೀಚಿನ ಅಧ್ಯಾಯ ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ ನಡೆಯುತ್ತಿದೆ. ಮಾವಿಗೆ ಹೆಸರಾದ ಆ ತಾಲ್ಲೂಕಿನ ಹಳ್ಳಿಗರು, ನಲವತ್ತೈದು ದಾಟಿದವರು, ಕಂಪ್ಯೂಟರಿನ ಪರದೆ ಮುಟ್ಟಿ ಉತ್ತರ ಕೊಡುತ್ತಾರೆ. ಎಷ್ಟು ಬೇಗ ಮುಟ್ಟಿದರು, ಎಷ್ಟು ಹೆಸರು ನೆನಪಿಟ್ಟರು ಎಂಬುದನ್ನು ಯಂತ್ರ ಬರೆದುಕೊಳ್ಳುತ್ತದೆ. ಅಲ್ಲಿಗೆ ತಲುಪಲು ಕನ್ನಡ ನಾಡು ಹೆಚ್ಚುಕಡಿಮೆ ನೂರು ವರ್ಷ ನಡೆದಿದೆ. ದಾರಿ ಮೈಸೂರು, ಧಾರವಾಡ, ಬೆಂಗಳೂರುಗಳ ಮೇಲೆ ಹಾದುಬಂದಿದೆ. ನಡುವೆ ಒಮ್ಮೆ ನಮ್ಮ ಮಣಿಪಾಲವೂ ಸಿಗುತ್ತದೆ.

ಶುರುವಾದದ್ದು ಒಬ್ಬ ಕೆಲಸಗಾರ ಕೆಲಸ ಕಳೆದುಕೊಂಡದ್ದರಿಂದ. 1796ರಲ್ಲಿ ಇಂಗ್ಲೆಂಡಿನ ಗ್ರೀನಿಚ್ ವೀಕ್ಷಣಾಲಯದ ಮುಖ್ಯಸ್ಥ ನೆವಿಲ್ ಮಾಸ್ಕೆಲಿನ್ ತನ್ನ ಸಹಾಯಕ ಡೇವಿಡ್ ಕಿನ್ನೆಬ್ರೂಕನನ್ನು ಮನೆಗೆ ಕಳಿಸಿದ. ನಕ್ಷತ್ರವೊಂದು ದುರ್ಬೀನಿನ ಗೆರೆ ದಾಟುವ ಹೊತ್ತನ್ನು ಸಹಾಯಕ ಬರೆದಿಟ್ಟಾಗ ಅದು ಯಜಮಾನನ ಲೆಕ್ಕಕ್ಕಿಂತ ಸುಮಾರು 0.8 ಸೆಕೆಂಡು ತಡವಾಗಿರುತ್ತಿತ್ತು. ಇಬ್ಬರ ಕಣ್ಣು-ಕಿವಿಗಳಿಗೂ ಬೇರೆಬೇರೆ ವೇಗ ಇರಬಹುದು, ಇದು ಸೋಮಾರಿತನವೇ ಆಗಬೇಕಿಲ್ಲ ಎಂದು ಜರ್ಮನಿಯ ಖಗೋಳಜ್ಞ ಬೆಸ್ಸೆಲ್ ತೋರಿಸುವ ಹೊತ್ತಿಗೆ ಕಿನ್ನೆಬ್ರೂಕ್ ತೀರಿಕೊಂಡಿದ್ದ. 1868ರಲ್ಲಿ ಹಾಲೆಂಡಿನ ಡೊಂಡರ್ಸ್ ಒಂದು ಹೆಜ್ಜೆ ಮುಂದಿಟ್ಟ. ದೀಪ ಕಂಡ ಕೂಡಲೇ ಗುಂಡಿ ಒತ್ತಲು ಹಿಡಿಯುವ ಹೊತ್ತನ್ನು, ಎರಡು ದೀಪಗಳಲ್ಲಿ ಯಾವುದೆಂದು ತೀರ್ಮಾನಿಸಿ ಒತ್ತಲು ಹಿಡಿಯುವ ಹೊತ್ತಿನಿಂದ ಕಳೆದ. ಉಳಿದದ್ದು ತೀರ್ಮಾನಕ್ಕೆ ಹಿಡಿದ ಹೊತ್ತು. ಇಂದಿನ ಟ್ಯಾಬ್ಲೆಟ್ ಪರೀಕ್ಷೆಗಳ ಒಳಗೆ ಕೂತಿರುವುದೂ ಇದೇ ಕಳೆಯುವ ಲೆಕ್ಕ.

ಬುದ್ಧಿಯ ಅಳತೆ ಮಾತ್ರ ಬೇರೆ ಓಣಿಯಿಂದ ಬಂತು. ಶಾಲೆಯಲ್ಲಿ ಹಿಂದೆ ಬೀಳುವ ಮಕ್ಕಳನ್ನು ಗುರುತಿಸಿ ಅವರಿಗೆ ಬೇರೆ ರೀತಿಯಲ್ಲಿ ಕಲಿಸಬೇಕೆಂದು ಫ್ರಾನ್ಸಿನ ಸರ್ಕಾರ ಯೋಚಿಸುತ್ತಿದ್ದ ಕಾಲದಲ್ಲಿ, ಆಲ್ಫ್ರೆಡ್ ಬಿನೆ ಮತ್ತು ಥಿಯೊಡೋರ್ ಸಿಮೊನ್ 1905ರಲ್ಲಿ ಮೂವತ್ತು ಪ್ರಶ್ನೆಗಳ ಮಾಲೆ ಕಟ್ಟಿದರು. ಅಮೆರಿಕದ ಲೂಯಿಸ್ ಟರ್ಮನ್ 1916ರಲ್ಲಿ ಅದನ್ನು ಹಿಗ್ಗಿಸಿ ಸ್ಟ್ಯಾನ್‌ಫೋರ್ಡ್-ಬಿನೆ ಎಂದು ಕರೆದ. ನೆರವಿಗಾಗಿ ಹುಟ್ಟಿದ ಮಾಲೆ ಸಮುದ್ರ ದಾಟುತ್ತಲೇ ಮಕ್ಕಳನ್ನು ಸಾಲಾಗಿ ನಿಲ್ಲಿಸುವ ಕೋಲಾಯಿತು. ನಮ್ಮ ದೇಶಕ್ಕೆ ಬಂದದ್ದು ಹೆಚ್ಚಾಗಿ ಈ ಅಮೆರಿಕದ ಕೋಲೇ.

ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರ ವಿಭಾಗ ತೆರೆದದ್ದು 1924ರಲ್ಲಿ. ಕಲ್ಕತ್ತೆಯ ನಂತರ ದೇಶದಲ್ಲಿ ಎರಡನೆಯದು. ಆಗ ಕುಲಪತಿಯಾಗಿದ್ದವರು ಬ್ರಜೇಂದ್ರನಾಥ ಸೀಲ್. ಕಲ್ಕತ್ತೆಯಲ್ಲಿ ಪ್ರಯೋಗಾತ್ಮಕ ಮನಶ್ಶಾಸ್ತ್ರದ ಪಠ್ಯಕ್ರಮವನ್ನು 1905ರಷ್ಟು ಹಿಂದೆಯೇ ಬರೆದುಕೊಟ್ಟವರೂ ಅವರೇ. ವಿಭಾಗ ಕಟ್ಟಿದವರು ಎಂ. ವಿ. ಗೋಪಾಲಸ್ವಾಮಿ, ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ನನ ಕೈಕೆಳಗೆ ಪಳಗಿ ಬಂದವರು. ಕನ್ನಡಿಯಲ್ಲಿ ಕಾಣುವ ಪ್ರತಿಬಿಂಬವನ್ನಷ್ಟೇ ನೋಡುತ್ತ ಕಾಗದದ ಮೇಲಿನ ನಕ್ಷತ್ರದ ಗೆರೆ ಹಿಡಿದು ಪೆನ್ಸಿಲ್ ಓಡಿಸುವ ಕೆಲಸ ಮಕ್ಕಳಾಟದಂತೆ ಕಾಣುತ್ತದೆ. ಕೂತು ಮಾಡಿ ನೋಡಿದವರಿಗೆ ಗೊತ್ತು, ಕೈ ಹೇಗೆ ಉಲ್ಟಾ ಓಡುತ್ತದೆ ಎಂದು. ಇಂಥ ಕೈಕಲಿಕೆಗೂ ಬುದ್ಧಿಗೂ ಇರುವ ನಂಟಿನ ಬಗ್ಗೆ ಗೋಪಾಲಸ್ವಾಮಿಯವರ ಲೇಖನ 1924ರಲ್ಲೇ ಬ್ರಿಟನ್ನಿನ ಮನಶ್ಶಾಸ್ತ್ರ ಪತ್ರಿಕೆಯಲ್ಲಿ ಬಂತು. ಕನ್ನಡಿಗರು ಅವರನ್ನು ನೆನೆಯುವುದು ಮಾತ್ರ ಇನ್ನೊಂದು ಕಾರಣಕ್ಕೆ. 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದ ಬಾನುಲಿ ಕೇಂದ್ರ ಆರಂಭಿಸಿ ‘ಆಕಾಶವಾಣಿ’ ಎಂಬ ಹೆಸರಿಗೆ ಚಾಲನೆ ಕೊಟ್ಟವರು ಇದೇ ಪ್ರೊಫೆಸರು. ಆ ಕಾಲದ ಮನಶ್ಶಾಸ್ತ್ರಜ್ಞನಿಗೆ ತಂತಿ, ಸ್ವಿಚ್ಚು, ಗಡಿಯಾರಗಳ ಮೇಲೆ ಮೋಹ ಇರಲೇಬೇಕಿತ್ತು ಅನ್ನಿಸುತ್ತದೆ.

ಆದರೆ ಕನ್ನಡದ ಮಕ್ಕಳಿಗೆಂದೇ ಅಳತೆಗೋಲು ಸಿದ್ಧವಾದದ್ದು ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡದಲ್ಲಿ. ಅಲ್ಲಿ ಶಿಕ್ಷಕರಿಗೆ ತರಬೇತಿ ಕೊಡುತ್ತಿದ್ದ ವಿ. ವಿ. ಕಾಮತರು ಟರ್ಮನ್ನನ ಮಾಲೆಯನ್ನು ಕನ್ನಡಕ್ಕೂ ಮರಾಠಿಗೂ ಒಗ್ಗಿಸಿ, ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಪರೀಕ್ಷಿಸಿ, 1934ರಲ್ಲಿ ಅದರ ವರದಿ ಪ್ರಕಟಿಸಿದರು. 1940ರಲ್ಲಿ ಪುಸ್ತಕ ಹೊರಬಂತು. ‘ಬಿನೆ-ಕಾಮತ್ ಪರೀಕ್ಷೆ’ ಎಂಬ ಹೆಸರು ಇಂದಿಗೂ ದೇಶದ ಆಸ್ಪತ್ರೆಗಳಲ್ಲಿ ಓಡಾಡುತ್ತಿದೆ.

ಇಲ್ಲಿ ಸ್ವಲ್ಪ ನಿಲ್ಲೋಣ. ಇಂಥ ಮಾಲೆಯನ್ನು ಕನ್ನಡಕ್ಕೆ ತರುವವನ ಕಷ್ಟ ಏನೆಂದು ನೋಡಬೇಕಾದರೆ ಟರ್ಮನ್ ಒಂಬತ್ತು ವರ್ಷದ ಮಗುವಿಗೆ ಇಟ್ಟ ಪ್ರಶ್ನೆಗಳನ್ನು ಓದಬೇಕು. ಇವತ್ತು ಯಾವ ತಾರೀಖು? ಚಿಲ್ಲರೆ ಎಷ್ಟು ವಾಪಸು ಬರುತ್ತದೆ? ಬದಲಿ ಪ್ರಶ್ನೆಯಾಗಿ, ತಿಂಗಳ ಹೆಸರುಗಳನ್ನು ಸಾಲಾಗಿ ಹೇಳು. ಈ ಶಬ್ದಕ್ಕೆ ಪ್ರಾಸವಾಗುವ ಶಬ್ದಗಳನ್ನು ಹೇಳು. ತಿಂಗಳು ಎಂದರೆ ಜನವರಿಯೋ ಚೈತ್ರವೋ? ಚಿಲ್ಲರೆ ಎಂದರೆ ಆಗ ರೂಪಾಯಿಗೆ ಹದಿನಾರಾಣೆ, ಆಣೆಗೆ ಹನ್ನೆರಡು ಪೈ. ಹತ್ತರ ಮಡಿಯಲ್ಲಿ ಎಣಿಸುವ ಅಮೆರಿಕದ ಸೆಂಟಿಗಿಂತ ಈ ಲೆಕ್ಕ ತೊಡಕು. ಪ್ರಾಸದ್ದಂತೂ ಕೇಳಲೇಬೇಡಿ. ಇಂಗ್ಲಿಷಿನಲ್ಲಿ ಪ್ರಾಸ ಶಬ್ದದ ಬಾಲದಲ್ಲಿದೆ, ನಮ್ಮ ಹಳೆಯ ಕಾವ್ಯದಲ್ಲಿ ಅದು ಎರಡನೆಯ ಅಕ್ಷರದಲ್ಲಿ ಕೂತಿದೆ. ಪದ್ಯ ಕೇಳಿ ಬೆಳೆದ ಮಗುವೂ ಪಠ್ಯ ಓದಿ ಬೆಳೆದ ಮಗುವೂ ‘ಪ್ರಾಸ’ ಎಂಬ ಒಂದೇ ಮಾತಿಗೆ ಎರಡು ಅರ್ಥ ಹಿಡಿಯಬಹುದು. ಶಬ್ದ ಬದಲಿಸಿದರೆ ಪ್ರಶ್ನೆ ಸುಲಭವಾಯಿತೋ ಕಠಿಣವಾಯಿತೋ ಎಂಬುದು ಮಕ್ಕಳನ್ನು ಕೂರಿಸಿ ಕೇಳಿದ ಮೇಲಷ್ಟೇ ತಿಳಿಯುತ್ತದೆ. ಅದಕ್ಕೇ ಸಾವಿರ ಮಕ್ಕಳು ಬೇಕಾಯಿತು.

ಆ ಪರೀಕ್ಷೆ ನಡೆಸುವ ರೀತಿಯಲ್ಲಿ ಇನ್ನೊಂದು ಸೂಕ್ಷ್ಮವಿತ್ತು. ಮೇಷ್ಟರು ಮಗುವಿಗೆ ಎಲ್ಲ ಪ್ರಶ್ನೆಗಳನ್ನೂ ಕೇಳುವುದಿಲ್ಲ. ಅದು ಸಲೀಸಾಗಿ ಉತ್ತರಿಸುವ ಮಟ್ಟ ಯಾವುದೆಂದು ಅಂದಾಜಿಸಿ ಅಲ್ಲಿಂದ ಶುರುಮಾಡುತ್ತಾರೆ. ಎಲ್ಲ ತಪ್ಪುವ ಮಟ್ಟ ಬರುವವರೆಗೆ ಮೇಲೇರುತ್ತಾರೆ, ಅಂದಾಜು ತಪ್ಪಿದ್ದರೆ ಕೆಳಗಿಳಿಯುತ್ತಾರೆ. ಮುಂದೆ 1970ರ ದಶಕದಲ್ಲಿ ಅಮೆರಿಕದ ಫ್ರೆಡರಿಕ್ ಲಾರ್ಡ್, ಡೇವಿಡ್ ವೈಸ್ ಮೊದಲಾದವರು ಕಂಪ್ಯೂಟರಿಗೆ ಕಲಿಸಿದ್ದು ಇದನ್ನೇ. ಉತ್ತರ ಸರಿಯಾದರೆ ಕಠಿಣ ಪ್ರಶ್ನೆ, ತಪ್ಪಾದರೆ ಸುಲಭದ್ದು, ಪ್ರತಿ ಉತ್ತರದ ನಂತರ ಸಾಮರ್ಥ್ಯದ ಅಂದಾಜನ್ನು ತಿದ್ದುವುದು. ಯಂತ್ರ ಸೂತ್ರ ಹಾಕಿ ಮಾಡುವುದನ್ನು ಧಾರವಾಡದ ಮೇಷ್ಟರು ಮಗುವಿನ ಮುಖ ನೋಡಿ ಮಾಡುತ್ತಿದ್ದರು. ಮುಖ ನೋಡುವುದರಲ್ಲಿ ಒಂದು ಲಾಭವೂ ಇತ್ತು: ಹಸಿವಿನಿಂದಲೋ ಹೆದರಿಕೆಯಿಂದಲೋ ಸುಮ್ಮನಾದ ಮಗುವನ್ನು ದಡ್ಡನೆಂದು ಬರೆಯುವ ಮುಂಚೆ ಇನ್ನೊಮ್ಮೆ ಕೇಳಬಹುದಿತ್ತು.

ಕಾಮತರ ಮಾಲೆಯ ಬಗ್ಗೆ ತಜ್ಞರಲ್ಲಿ ಜಗಳ ಇದೆ. 1930ರ ದಶಕದ ಪಟ್ಟಣದ ಮಕ್ಕಳ ಸರಾಸರಿಯನ್ನು ಇಂದಿನ ಮಗುವಿಗೆ ಹಿಡಿದರೆ ಅಂಕ ಉಬ್ಬುತ್ತದೆ, ಒಂದು ಪೀಳಿಗೆಯಿಂದ ಇನ್ನೊಂದಕ್ಕೆ ಬುದ್ಧಿಪರೀಕ್ಷೆಯ ಅಂಕಗಳು ಏರುತ್ತ ಹೋಗುವುದನ್ನು ಜೇಮ್ಸ್ ಫ್ಲಿನ್ 1980ರ ದಶಕದಲ್ಲೇ ತೋರಿಸಿದ್ದಾನೆ ಎಂಬುದು ಒಂದು ವಾದ. ತಲೆಮಾರುಗಳಷ್ಟು ಹಳೆಯದಾದರೂ ಮಗುವಿನ ಮಾತಿನಲ್ಲೇ ಮಾತಾಡುವ, ಕೈಗೆ ಸಿಗುವ ಪರೀಕ್ಷೆ ಬೇರೆ ಎಷ್ಟಿದೆ ಎಂಬುದು ಎದುರು ವಾದ. ಇದು ಬರೀ ಪುಸ್ತಕದ ಜಗಳವಾಗಿದ್ದರೆ ಬಿಡಬಹುದಿತ್ತು. ಅಂಗವೈಕಲ್ಯ ಪ್ರಮಾಣಪತ್ರ ಸಿಗುವುದೂ ತಪ್ಪುವುದೂ ಇಂಥ ಅಂಕಗಳ ಮೇಲೆ ನಿಂತಿರುವಾಗ, ಉಬ್ಬಿದ ಅಂಕ ಎಂದರೆ ಬಡ ಮನೆಯೊಂದರ ಕೈತಪ್ಪಿದ ಮಾಸಾಶನ.

ಯುದ್ಧಗಳು ಈ ಶಾಸ್ತ್ರಕ್ಕೆ ಗೊಬ್ಬರ ಹಾಕಿದವು. ಅಮೆರಿಕದ ಸೈನ್ಯ 1917ರಿಂದ ಹದಿನೇಳು ಲಕ್ಷಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಿತು. ಓದಬಲ್ಲವರಿಗೆ ‘ಆಲ್ಫಾ’, ಓದು ಬಾರದವರಿಗೆ ಕೈಸನ್ನೆಯಲ್ಲಿ ನಡೆಸುವ ‘ಬೀಟಾ’. ಅಷ್ಟು ಉತ್ತರಗಳನ್ನು ತಿದ್ದುವ ತಲೆನೋವಿನಿಂದಲೇ ನಾಲ್ಕರಲ್ಲಿ ಒಂದನ್ನು ಗುರುತುಹಾಕುವ ಪದ್ಧತಿ ಹಬ್ಬಿತು, 1938ರಲ್ಲಿ ಐಬಿಎಂ ಉತ್ತರ ತಿದ್ದುವ ಯಂತ್ರ ತಂದಿತು. ಭಾರತದಲ್ಲಿ 1943ರಲ್ಲಿ ಡೆಹ್ರಾಡೂನಿನಲ್ಲಿ ಸೇನಾಧಿಕಾರಿಗಳ ಆಯ್ಕೆಗೆ ಪ್ರಾಯೋಗಿಕ ಮಂಡಳಿ ಕೂತಿತು. ಅದರ ವಂಶವೇ ಇಂದಿನ ರಕ್ಷಣಾ ಮನಶ್ಶಾಸ್ತ್ರ ಸಂಶೋಧನಾ ಸಂಸ್ಥೆ. ಆ ಸಂಸ್ಥೆಯೂ ಬೆಂಗಳೂರಿನ ವೈಮಾನಿಕ ಅಭಿವೃದ್ಧಿ ಸಂಸ್ಥೆಯೂ ಕೂಡಿ ರೂಪಿಸಿದ ಕಂಪ್ಯೂಟರ್ ಪೈಲಟ್ ಆಯ್ಕೆ ವ್ಯವಸ್ಥೆ ಈಗ ಮೈಸೂರಿನ ವಾಯುಪಡೆ ಆಯ್ಕೆ ಮಂಡಳಿಯಲ್ಲೂ ಇದೆ. ಕೈಯಲ್ಲಿ ಕೋಲು, ಕಾಲಲ್ಲಿ ಪೆಡಲು, ಎದುರಿಗೆ ಪರದೆ; ಒಂದನ್ನು ಸಂಭಾಳಿಸುವಾಗ ಇನ್ನೊಂದು ಕೈಬಿಡಬಾರದು. ಇದನ್ನು ಬಹುಕಾಲ ಬದುಕಿನಲ್ಲಿ ಒಂದೇ ಸಲ ಬರೆಯಬಹುದಿತ್ತು. ಸೋತವನಿಗೆ ವಾಯುಪಡೆಯ ಪೈಲಟ್ ಆಗುವ ಬಾಗಿಲು ಎಂದೆಂದಿಗೂ ಮುಚ್ಚುತ್ತಿತ್ತು. ಎರಡನೆಯ ಸಲ ಅಭ್ಯಾಸಬಲದಿಂದ ಅಂಕ ಏರುತ್ತದೆ ಎಂಬ ಅಂಜಿಕೆ ಇದರ ಹಿಂದಿತ್ತು. ಶಾಸ್ತ್ರಕ್ಕೆ ಸರಿಯಿರಬಹುದು, ಅಂದು ಜ್ವರ ಬಂದ ಹುಡುಗನಿಗೆ ಕಷ್ಟ.

ಬೆಂಗಳೂರಿನ ತಿರುವು ಬೇರೆ ತೆರನದ್ದು. ಮೈಸೂರು ಸಂಸ್ಥಾನದ ಮಾನಸಿಕ ಆಸ್ಪತ್ರೆಯ ಜತೆಗೂಡಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು, ಎಂ. ವಿ. ಗೋವಿಂದಸ್ವಾಮಿ ಅದರ ಮೊದಲ ನಿರ್ದೇಶಕರು. 1974ರಲ್ಲಿ ಅದು ನಿಮ್ಹಾನ್ಸ್ ಆಯಿತು. ಅಪಘಾತದಲ್ಲಿ ತಲೆಗೆ ಪೆಟ್ಟಾದವರು, ಮೂರ್ಛೆರೋಗದವರು, ಗೆಡ್ಡೆಯ ಶಸ್ತ್ರಚಿಕಿತ್ಸೆಗೆ ಬಂದವರು ಅಲ್ಲಿ ಸಾಲುಗಟ್ಟಿದಾಗ, ಮಿದುಳಿನ ಯಾವ ಕೆಲಸ ಕುಂದಿದೆ ಎಂದು ತಿಳಿಯಲು ವಿದೇಶಿ ಪರೀಕ್ಷೆಗಳು ಕೈಕೊಟ್ಟವು. ಆ ಪರೀಕ್ಷೆಗಳ ಕೋಷ್ಟಕಗಳಲ್ಲಿ ಶಾಲೆಗೆ ಹೋಗದವರಿಗೆ ಜಾಗವೇ ಇರುತ್ತಿರಲಿಲ್ಲ. ಪೆನ್ಸಿಲ್ಲನ್ನೇ ಹಿಡಿಯದ ಹೆಂಗಸಿನಿಂದ ಚಿತ್ರ ಬರೆಸಿ, ಅದು ಸೊಟ್ಟಗಾದರೆ ಮಿದುಳಿನ ದೋಷವೆಂದು ಹೇಗೆ ಬರೆಯುವುದು?

ಶೋಭಿನಿ ಎಲ್. ರಾವ್, ಡಿ. ಕೆ. ಸುಬ್ಬಕೃಷ್ಣ, ಕೆ. ಗೋಪುಕುಮಾರ್ ಸೇರಿ 2004ರಲ್ಲಿ ಹೊರತಂದ ನಿಮ್ಹಾನ್ಸ್ ಪರೀಕ್ಷಾಮಾಲೆ ಇದಕ್ಕೆ ಕೊಟ್ಟ ಉತ್ತರ ಸರಳವಾಗಿತ್ತು. ವಯಸ್ಸಿನ ಮೂರು ಗುಂಪು, ಓದಿನ ಮೂರು ಗುಂಪು (ಅಕ್ಷರ ಬಾರದವರು, ಶಾಲೆ ಓದಿದವರು, ಕಾಲೇಜು ಓದಿದವರು), ಗಂಡು, ಹೆಣ್ಣು. ಹದಿನೆಂಟು ಮನೆಗಳು. ಪ್ರತಿ ಮನೆಗೆ ಆರೋಗ್ಯವಂತರಾದ ಮೂವತ್ತು ಜನ, ಒಟ್ಟು 540. ಸಂಖ್ಯೆ ಚಿಕ್ಕದೇ. ಆದರೆ ಅಕ್ಷರ ಬಾರದ ಐವತ್ತರ ಹೆಂಗಸನ್ನು ಅಕ್ಷರ ಬಾರದ ಐವತ್ತರ ಹೆಂಗಸರೊಂದಿಗೇ ಹೋಲಿಸುವ ಕೋಷ್ಟಕ ಕೈಗೆ ಬಂತು. ನನ್ನ ಮಟ್ಟಿಗೆ ಈ ಚರಿತ್ರೆಯಲ್ಲಿ ಯಾವ ಯಂತ್ರಕ್ಕಿಂತಲೂ ದೊಡ್ಡ ಘಟನೆ ಈ ಕೋಷ್ಟಕದ ಒಂದು ಕಂಬಸಾಲು.

ಮಾಲೆಯ ಒಳಗಿನ ಒಂದು ಪರೀಕ್ಷೆ ಕನ್ನಡಿಗರಿಗೆ ಕುತೂಹಲದ್ದು. ಇಂಗ್ಲಿಷಿನಲ್ಲಿ ಎಫ್, ಎ, ಎಸ್ ಅಕ್ಷರಗಳಿಂದ ಶುರುವಾಗುವ ಶಬ್ದಗಳನ್ನು ಒಂದು ನಿಮಿಷದಲ್ಲಿ ಎಷ್ಟು ಹೇಳುತ್ತೀರಿ ಎಂದು ಕೇಳುತ್ತಾರೆ. ನಮ್ಮ ಭಾಷೆಗಳಿಗೆ ಅದು ಕ, ಪ, ಮ ಆಯಿತು. ‘ಕ’ ಎಂದ ಕೂಡಲೆ ಕಲ್ಲು, ಕಣ್ಣು, ಕಡಲು ಬರುತ್ತವೆ. ಕಿವಿ ಬರಬಹುದೇ? ಕೊಡೆ? ಕಾಗುಣಿತ ಬಾಯಿಪಾಠ ಮಾಡಿದವನಿಗೆ ಕ, ಕಿ, ಕೊ ಒಂದೇ ಮನೆಯವರು, ಅಕ್ಷರ ನೋಡುವ ಕಣ್ಣಿಗೆ ಬೇರೆಬೇರೆ. ಅಕ್ಷರವೇ ಗೊತ್ತಿಲ್ಲದವರಿಗೆ ಈ ಪ್ರಶ್ನೆಯೇ ಅರ್ಥವಾಗುವುದಿಲ್ಲ. ಅವರಿಗಾಗಿ ಪ್ರಾಣಿಗಳ ಹೆಸರು ಹೇಳಿಸುವ ಪರೀಕ್ಷೆ ಇದೆ. ಅದರ ಮಾತು ಕಡೆಗೆ.

ಅಷ್ಟರಲ್ಲಿ ಮುಪ್ಪಿನ ಮರೆವಿನ ಪ್ರಶ್ನೆಯೂ ಎದ್ದಿತ್ತು. 1975ರಲ್ಲಿ ಅಮೆರಿಕದ ಫೋಲ್‌ಸ್ಟೀನ್ ದಂಪತಿ ಮತ್ತು ಸಂಗಡಿಗರು ಮಾಡಿದ ಮೂವತ್ತು ಅಂಕದ ಚಿಕ್ಕ ಪರೀಕ್ಷೆ ಲೋಕವನ್ನೆಲ್ಲ ಸುತ್ತಿತು: ಇಂದು ಯಾವ ತಾರೀಖು, ನೂರರಿಂದ ಏಳು ಕಳೆಯುತ್ತ ಹೋಗಿ, ಒಂದು ವಾಕ್ಯ ಬರೆಯಿರಿ. ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ ಮೇರಿ ಗಂಗೂಲಿ ಮತ್ತು ಸಂಗಡಿಗರು 1995ರಲ್ಲಿ ಪ್ರಕಟಿಸಿದ ಹಿಂದಿ ರೂಪದಲ್ಲಿ ಇದೆಲ್ಲ ಬದಲಾಯಿತು. ಏಳರ ಬದಲು ಇಪ್ಪತ್ತರಿಂದ ಮೂರು ಕಳೆಯುವುದು. ಬರೆಯುವುದರ ಬದಲು ಬಾಯಲ್ಲಿ ಹೇಳುವುದು. ‘ಕಣ್ಣು ಮುಚ್ಚಿ’ ಎಂದು ಓದಿ ಮಾಡುವುದರ ಬದಲು ಪರೀಕ್ಷಕರ ಮುಖ ನೋಡಿ ಹಾಗೇ ಮಾಡುವುದು. ನಮ್ಮ ಊರಿನ ಅಜ್ಜಿಯೊಬ್ಬರನ್ನು ಮಳೆಗಾಲದ ನಡುವೆ ‘ಇದು ಯಾವ ತಿಂಗಳು’ ಎಂದು ಕೇಳಿ ನೋಡಿ. ‘ಆಟಿ’ ಎನ್ನುತ್ತಾರೆ. ತುಳು ಬಲ್ಲವನಿಗೆ ಪೂರ್ತಿ ಅಂಕದ ಉತ್ತರ. ಜುಲೈ ಎಂದು ಬರೆದ ಚೌಕ ಎದುರಿಟ್ಟುಕೊಂಡ ಪರವೂರಿನ ಪರೀಕ್ಷಕನಿಗೆ ತಪ್ಪು ಉತ್ತರ.

ಕಂಪ್ಯೂಟರು ಈ ಕಥೆಯೊಳಗೆ ಬಂದದ್ದು ಗಡಿಯಾರವಾಗಿ. 1980ರ ದಶಕದಲ್ಲಿ ಕೇಂಬ್ರಿಜ್‌ನ ಟ್ರೆವರ್ ರಾಬಿನ್ಸ್, ಬಾರ್ಬರಾ ಸಹಾಕಿಯನ್ ಮತ್ತು ಸಂಗಡಿಗರು ಬೆರಳಿನಿಂದ ಮುಟ್ಟುವ ಪರದೆಯ ಪರೀಕ್ಷಾಮಾಲೆ ಕಟ್ಟಿದರು. ಮಾತಿಗಿಂತ ಆಕೃತಿಗಳಿಗೆ ಅಲ್ಲಿ ಹೆಚ್ಚು ಜಾಗ. ಮಾತು ಕಡಿಮೆಯಾದರೆ ಭಾಷೆಯ ತೊಡಕು ಕಡಿಮೆ ಎಂಬುದು ನಂಬಿಕೆ. ಮಾತು ಬೇಕೇ ಬೇಕೆಂದರೆ ಮೊದಲು ಅಕ್ಷರ ಪರದೆಯ ಮೇಲೆ ಮೂಡಬೇಕಲ್ಲ. ಕನ್ನಡಕ್ಕೆ ಆ ಕೆಲಸ ಮಾಡಿಕೊಟ್ಟವರಲ್ಲಿ ಮುಂಚೂಣಿಯವರು ನಮ್ಮ ಕರಾವಳಿಯ ಕಿನ್ನಿಕಂಬಳದ ಪದ್ಮನಾಭ ರಾವ್, ಎಲ್ಲರ ಬಾಯಲ್ಲಿ ಕೆ. ಪಿ. ರಾವ್. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಮುದ್ರಣೋದ್ಯಮ ಎಲ್ಲ ಸುತ್ತಿ ಮಣಿಪಾಲಕ್ಕೆ ಬಂದವರು. ಅವರ ‘ಸೇಡಿಯಾಪು’ ತಂತ್ರಾಂಶ, ಉಚ್ಚಾರದ ಜಾಡು ಹಿಡಿದ ಅವರ ಕೀಲಿಮಣೆ ವಿನ್ಯಾಸ ಇವನ್ನು ಅವರು ಪೇಟೆಂಟಿಗೆ ಕಟ್ಟಲಿಲ್ಲ. ‘ನುಡಿ’ ತಂತ್ರಾಂಶ ನಿಂತದ್ದು ಆ ವಿನ್ಯಾಸದ ಮೇಲೆ. ಮೊದಲು ವ್ಯಂಜನ, ಆಮೇಲೆ ಸ್ವರ. ಕಿವಿಗೆ ಕೇಳಿದ ಕ್ರಮದಲ್ಲೇ ಬೆರಳು. ಯುನಿಕೋಡ್ 1991ರಲ್ಲೇ ಕನ್ನಡಕ್ಕೆ ಸ್ಥಾನ ಕೊಟ್ಟರೂ ಬಹುಕಾಲ ನಾವು ಹಳೆಯ ಫಾಂಟುಗಳಲ್ಲೇ ಉಳಿದೆವು. ಅವುಗಳಲ್ಲಿ ಕಂಪ್ಯೂಟರಿಗೆ ಕಾಣುತ್ತಿದ್ದದ್ದು ಅಕ್ಷರದ ತುಂಡುಗಳು. ‘ಕಮಲ’ಕ್ಕೆ ಮೂರು ಅಕ್ಷರ ಎಂದು ಯಂತ್ರಕ್ಕೆ ತಿಳಿಯದಿದ್ದರೆ, ಶಬ್ದ ಉದ್ದವಾದಷ್ಟೂ ಓದಲು ಎಷ್ಟು ಹೊತ್ತು ಹಿಡಿಯುತ್ತದೆ ಎಂಬ ಪ್ರಯೋಗ ಮಾಡುವುದು ಹೇಗೆ?

ಅದರಲ್ಲೂ ಕನ್ನಡದ ಓದು ಇಂಗ್ಲಿಷಿನ ಓದಲ್ಲ. ಬೆಂಗಳೂರಿನ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿದಂತೆ, ನಮ್ಮ ಮಕ್ಕಳ ಅಕ್ಷರಕಲಿಕೆ ಒಂದನೆಯ ತರಗತಿಯಲ್ಲಿ ಮುಗಿಯುವುದಿಲ್ಲ, ಮೂರು-ನಾಲ್ಕನೆಯ ತರಗತಿಯವರೆಗೂ ಎಳೆಯುತ್ತದೆ. ಕಾಗುಣಿತ, ಒತ್ತಕ್ಷರ ಸೇರಿದರೆ ಕಲಿಯಬೇಕಾದ ರೂಪಗಳು ನೂರಾರು. ಇಪ್ಪತ್ತಾರು ಅಕ್ಷರದವರ ಕೋಷ್ಟಕ ಹಿಡಿದರೆ ಕನ್ನಡದ ಆರೋಗ್ಯವಂತ ಮಗುವೂ ನಿಧಾನಿಯಾಗಿ ಕಾಣುತ್ತದೆ.

ನಮ್ಮ ಹುಡುಗರು ಕಂಪ್ಯೂಟರ್ ಪರೀಕ್ಷೆಯ ರುಚಿ ನೋಡಿದ್ದು ಮಾತ್ರ ಪ್ರವೇಶ ಪರೀಕ್ಷೆಗಳಲ್ಲಿ. 2009ರ ನವೆಂಬರ್ 28ರಂದು ಐಐಎಂಗಳ ಕ್ಯಾಟ್ ಮೊದಲ ಬಾರಿ ಕಾಗದ ಬಿಟ್ಟು ಕಂಪ್ಯೂಟರಿಗೆ ಬಂತು. ಎರಡು ಲಕ್ಷಕ್ಕೂ ಹೆಚ್ಚು ಅಭ್ಯರ್ಥಿಗಳು, ಹತ್ತು ದಿನಗಳ ಅವಧಿ, ನಡೆಸುವ ಹೊಣೆ ಪ್ರೊಮೆಟ್ರಿಕ್ ಕಂಪನಿಗೆ. ಮೊದಲ ದಿನವೇ ಹಲವು ಕೇಂದ್ರಗಳಲ್ಲಿ ಯಂತ್ರಗಳು ಕೈಕೊಟ್ಟವು, ಕಂಪನಿ ವೈರಸ್ಸುಗಳ ಹೆಸರು ಹೇಳಿತು, ಸಾವಿರಾರು ಜನರಿಗೆ 2010ರ ಜನವರಿ ಕೊನೆಯಲ್ಲಿ ಮರುಪರೀಕ್ಷೆ ನಡೆಯಿತು. ಬೇರೆಬೇರೆ ದಿನ ಬೇರೆಬೇರೆ ಪ್ರಶ್ನೆಪತ್ರಿಕೆ ಬರೆದವರ ಅಂಕಗಳನ್ನು ಒಂದೇ ತಕ್ಕಡಿಗೆ ತರುವುದು ಹೇಗೆ ಎಂಬ ಶಾಸ್ತ್ರದ ಪ್ರಶ್ನೆ ಅಂದಿನಿಂದ ತಂದೆತಾಯಂದಿರ ಬಾಯಿಗೂ ಬಂತು. ಸೇರು ಯಾರದ್ದು ಎಂಬ ಹಳೆಯ ಒಕ್ಕಲು ತಕರಾರೇ ಅದು.

ಈಗ ಮತ್ತೆ ಶ್ರೀನಿವಾಸಪುರ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ 2018ರಲ್ಲಿ ಅಲ್ಲಿ ದೀರ್ಘಕಾಲದ ಅಧ್ಯಯನವೊಂದನ್ನು ಆರಂಭಿಸಿತು. ಗುರಿ ಹತ್ತು ಸಾವಿರ ಗ್ರಾಮೀಣರು. ರಕ್ತ, ವಂಶವಾಹಿ, ಮಿದುಳಿನ ಎಂಆರ್‌ಐ ಇವುಗಳ ಜತೆಗೆ ‘ಕಾಗ್ನಿಟೊ’ ಎಂಬ ಕಂಪ್ಯೂಟರ್ ಪರೀಕ್ಷಾಮಾಲೆ. ಅದರ ಮೂಲ ಫ್ರಾನ್ಸಿನ ಮೋಂಪೆಲಿಯೆಯಲ್ಲಿ ಕರೆನ್ ರಿಚಿ ಮತ್ತು ತಂಡದ ಕೆಲಸ. ಪರದೆಯ ಮೇಲಿನ ಗುರುತು ಕಂಡೊಡನೆ ಮುಟ್ಟುವುದು, ಹೆಸರುಗಳ ಪಟ್ಟಿ ನೆನಪಿಟ್ಟು ಹೇಳುವುದು, ಮುಖಕ್ಕೆ ಹೆಸರು ಹೊಂದಿಸುವುದು, ಕಥೆ ಕೇಳಿ ಮತ್ತೆ ಹೇಳುವುದು ಅದರಲ್ಲಿವೆ. ಫ್ರೆಂಚ್ ಹೆಸರು-ಮುಖಗಳು ಇಲ್ಲಿ ನಡೆಯವು. ಅವನ್ನು ಇಲ್ಲಿಯ ಭಾಷೆಗಳಿಗೆ, ಇಲ್ಲಿಯ ಬದುಕಿಗೆ ಒಗ್ಗಿಸಿದ ಮೇಲೆಯೇ ಯಂತ್ರ ಹಳ್ಳಿಗರ ಮುಂದೆ ಬಂತು. ಧಾರವಾಡದಲ್ಲಿ ಆದ ಕೆಲಸವೇ ಎಂಬತ್ತು ವರ್ಷಗಳ ಮೇಲೆ ಮತ್ತೊಮ್ಮೆ ಆಯಿತು. ಕೋಲಾರದ ಆ ಭಾಗದಲ್ಲಿ ಶಾಲೆಯ ಮಾತು ಕನ್ನಡ, ಎಷ್ಟೋ ಮನೆಗಳ ಮಾತು ತೆಲುಗು. ನಮ್ಮಲ್ಲಿ ಕನ್ನಡ-ತುಳು ಇದ್ದಂತೆ.

ಯಂತ್ರದ ಗಡಿಯಾರ ನಿಖರ ಎಂದು ನಾವು ನಂಬುತ್ತೇವೆ. ಸಾಮಾನ್ಯ ಪರದೆ ಸೆಕೆಂಡಿಗೆ ಅರುವತ್ತು ಸಲ ಚಿತ್ರ ಬದಲಿಸುತ್ತದೆ, ಅಂದರೆ ಚಿತ್ರ ಮೂಡುವುದರಲ್ಲೇ ಹದಿನಾರು-ಹದಿನೇಳು ಮಿಲಿಸೆಕೆಂಡಿನ ಹೆಚ್ಚುಕಡಿಮೆ. ಬೆರಳು ಮುಟ್ಟಿದ್ದು ಯಂತ್ರಕ್ಕೆ ತಿಳಿಯುವಾಗ ಇನ್ನೂ ಹತ್ತಾರು ಮಿಲಿಸೆಕೆಂಡು. ಹತ್ತೊಂಬತ್ತನೆಯ ಶತಮಾನದ ಹಿಪ್ ಗಡಿಯಾರವೇ ಸೆಕೆಂಡಿನ ಸಾವಿರದ ಒಂದು ಭಾಗ ಓದುತ್ತಿತ್ತು ಎಂದರೆ ನಗು ಬರುತ್ತದೆ. ಅದಕ್ಕೇ ಪರೀಕ್ಷೆ ಕಟ್ಟುವವರು ಎಲ್ಲರಿಗೂ ಒಂದೇ ಬಗೆಯ ಯಂತ್ರ ಕೊಡುತ್ತಾರೆ, ಮೊದಲು ಅಭ್ಯಾಸಕ್ಕೆ ಬಿಡುತ್ತಾರೆ, ಒಂದೇ ಕೆಲಸವನ್ನು ಹಲವು ಸಲ ಮಾಡಿಸಿ ನಡುವಿನ ಅಂಕಿ ತೆಗೆಯುತ್ತಾರೆ, ಡೊಂಡರ್ಸನ ಕಳೆಯುವ ಲೆಕ್ಕ ಹಾಕುತ್ತಾರೆ. ಇಷ್ಟಾದರೂ ಗಟ್ಟಿ ಒಣಚರ್ಮದ ಬೆರಳನ್ನು ಪರದೆ ಸುಲಭವಾಗಿ ಗುರುತಿಸುವುದಿಲ್ಲ. ನಮ್ಮೂರಿನಲ್ಲಿ ಬೀಡಿ ಕಟ್ಟಿ ಕಟ್ಟಿ ಬೆರಳಿನ ಗೆರೆ ಸವೆದ ಹೆಂಗಸರಿದ್ದಾರೆ. ಅವರ ಕೈಯ ವೇಗ ನೋಡಬೇಕಾದರೆ ಸೂಪಿನಲ್ಲಿ, ಅಂದರೆ ಮೊರದಲ್ಲಿ, ಎಲೆ ಇಟ್ಟುಕೊಂಡು ಕೂತಾಗ ನೋಡಬೇಕು.

ದೀರ್ಘ ಅಧ್ಯಯನಕ್ಕೆ ಒಂದು ಅನುಕೂಲವಿದೆ. ಅದೇ ಮನುಷ್ಯನನ್ನು ಕೆಲವು ವರ್ಷಗಳ ಮೇಲೆ ಮತ್ತೆ ಕೂರಿಸುತ್ತಾರೆ, ಅವನ ಇಂದಿನ ನೆನಪನ್ನು ಅವನದೇ ನಿನ್ನಿನ ನೆನಪಿನೊಂದಿಗೆ ಹೋಲಿಸುತ್ತಾರೆ. ಆಗ ಸೇರೂ ಅವನದೇ, ಅಕ್ಕಿಯೂ ಅವನದೇ. ಎರಡನೆಯ ಸಲಕ್ಕೆ ಪ್ರಶ್ನೆಗಳು ರೂಢಿಯಾಗಿರುತ್ತವೆ ಎಂಬ ತೊಡಕು ಇದ್ದೇ ಇದೆ.

ಹಲವು ಭಾಷೆಗಳ ನಡುವಿನ ಬದುಕು ಬರೀ ತೊಡಕೇ ಆಗಬೇಕಿಲ್ಲ ಎಂಬ ಸುಳಿವು ಹೈದರಾಬಾದಿನಿಂದ ಬಂದಿದೆ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು 2013ರಲ್ಲಿ ಮರೆವಿನ ರೋಗದ 648 ಮಂದಿಯ ದಾಖಲೆ ನೋಡಿ, ಎರಡು ಅಥವಾ ಹೆಚ್ಚು ಭಾಷೆಯವರಲ್ಲಿ ರೋಗ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿದೆ, ಅಕ್ಷರ ಬಾರದವರಲ್ಲೂ ಹೀಗೇ ಇದೆ ಎಂದರು. ಬೇರೆ ದೇಶಗಳ ಕೆಲವು ಅಧ್ಯಯನಗಳು ಇದನ್ನು ಒಪ್ಪುವುದಿಲ್ಲ, ಭಾಷೆಗಿಂತ ಬದುಕಿನ ಬೇರೆ ಸಂಗತಿಗಳು ಕಾರಣ ಇರಬಹುದು ಎನ್ನುತ್ತವೆ. 2020ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಪರೀಕ್ಷಾಮಾಲೆ ಐದು ಭಾಷೆಗಳಲ್ಲಿ ಸಿದ್ಧವಾಯಿತು: ಹಿಂದಿ, ಬಂಗಾಳಿ, ತೆಲುಗು, ಕನ್ನಡ, ಮಲಯಾಳಂ. ಆ ಪಟ್ಟಿಯಲ್ಲಿಲ್ಲದ ತುಳುವಿನ ಲಿಪಿಗೆ ಯುನಿಕೋಡಿನಲ್ಲಿ ಜಾಗ ಸಿಕ್ಕಿದ್ದು 2024ರ ಸೆಪ್ಟೆಂಬರಿನಲ್ಲಿ.

ಇನ್ನು ಆ ಪ್ರಾಣಿಗಳ ಪರೀಕ್ಷೆ. ಒಂದು ನಿಮಿಷ ಕೊಡುತ್ತಾರೆ, ನೆನಪಿಗೆ ಬಂದಷ್ಟು ಪ್ರಾಣಿಗಳ ಹೆಸರು ಹೇಳಬೇಕು. ನಿಮ್ಹಾನ್ಸ್ ಮಾಲೆಯಲ್ಲಿ ಅದಕ್ಕೊಂದು ನಿಯಮವಿದೆ: ಮೀನು, ಹಕ್ಕಿ, ಹಾವುಗಳನ್ನು ಬಿಟ್ಟು ಹೇಳಬೇಕು. ಎಲ್ಲರಿಗೂ ಬೇಲಿ ಒಂದೇ ಇರಲಿ ಎಂದು ಹಾಕಿದ ನಿಯಮ, ಬಯಲುಸೀಮೆಯಲ್ಲಿ ಯಾರಿಗೂ ಭಾರವಾಗದು. ಕಾಪುವಿನ ಕಡಲತಡಿಯಲ್ಲಿ ಬುಟ್ಟಿ ಹೊತ್ತು ಮೀನು ಮಾರಿದ ಅಜ್ಜಿಯ ಮುಂದೆ ಈ ಪರೀಕ್ಷೆ ಇಟ್ಟರೆ ಅವಳು ಪೆತ್ತ, ಎರ್ಮೆ, ನಾಯಿ, ಪುಚ್ಚೆ, ಪಂಜಿ, ಪಿಲಿ ಎಂದು ಹೇಳಿ ಒಂದು ಗಳಿಗೆ ನಿಲ್ಲುತ್ತಾಳೆ. ಬೂತಾಯಿ, ಬಂಗುಡೆ, ಅಂಜಲ್, ಮಾಂಜಿ, ಕಾಣೆ, ನಂಗ್, ಕೊಡ್ಡಾಯಿ, ತೊರಕೆ ನಾಲಗೆಯ ತುದಿಯಲ್ಲೇ ಇರುತ್ತವೆ, ಪರೀಕ್ಷಕರು ಮೀನು ಬೇಡ ಎಂದಿದ್ದಾರೆ. ಗಡಿಯಾರದಲ್ಲಿ ಇನ್ನೂ ನಲವತ್ತು ಸೆಕೆಂಡು ಉಳಿದಿದೆ.